ಎರಡು ಕಾರ್ಬುರೇಟರು, ಒಂದು ಎಡಗಿವಿ

ಹೈದರಾಬಾದಿನ ಹಳೆಯ ಬಂಗಲೆಯೊಂದರ ಹಿತ್ತಲಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಎರಡು ಸೀಟಿನ ವಿಲಾಯತಿ ಸ್ಪೋರ್ಟ್ಸ್ ಕಾರನ್ನು ನಾನು ಭಾಲ್ಕಿಗೆ ತಂದಾಗ, ಔರಾದಿನಲ್ಲಿರುವ ನನ್ನ ಅಕ್ಕ ಫೋನಿನಲ್ಲೇ ಬಿದ್ದು ಬಿದ್ದು ನಕ್ಕಳು.

"ಸಾಲಿ ಕಲಿಸೋದು ಬಿಟ್ಟು ಇದೇನ್ ಹುಚ್ಚು ಹಿಡೀತವ್ವಾ ನಿನಗ? ಆ ಕೋಳಿಗೂಡು ಔರಾದ್ ತನಕಾ ಬಂದ್ರ ನಾ ಹೋಳಗಿ ಮಾಡಿ ಉಣಸ್ತೇನಿ!"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಬಂದೇ ಬರುತ್ತೇನೆ ಎಂದು ಫೋನ್ ಇಟ್ಟೆ.

ಇಂಥ ಕಾರಿನ ಮರ್ಮ ಬಲ್ಲವರು ಬೀದರಿನಲ್ಲಿ ಒಬ್ಬರೇ, ಎಪ್ಪತ್ತು ದಾಟಿದ ಮೆಕ್ಯಾನಿಕ್ ಉಸ್ತಾದ್. ಕಾರಿನಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರು ಎರಡು. ಎರಡೂ ಸಮನಾಗಿ ಗಾಳಿ ಎಳೆದರೆ ಮಾತ್ರ ಎಂಜಿನ್ ಸುಖವಾಗಿ ಓಡುತ್ತದೆ. ಅದನ್ನು ಅಳೆಯಲು ಉಸ್ತಾದರ ಬಳಿ ಇದ್ದದ್ದು ಒಂದು ಮೊಳ ರಬ್ಬರ್ ಪೈಪು. ಒಂದು ತುದಿ ಕಾರ್ಬುರೇಟರಿನ ಬಾಯಿಗೆ, ಇನ್ನೊಂದು ತುದಿ ಕಿವಿಗೆ. ಗಾಳಿಯ ಸುಯ್ಯೆನ್ನುವ ಸದ್ದು ಎರಡರಲ್ಲೂ ಒಂದೇ ಆಗುವ ತನಕ ಸ್ಕ್ರೂ ತಿರುಗಿಸುತ್ತಿದ್ದರು. "ಉಸ್ತಾದನ ಕಿವಿ ಅಂದ್ರ ಕಿವಿ!" ಎನ್ನುತ್ತಿತ್ತು ಬಜಾರು. ಅವರ ಅನ್ನ ಆ ಕಿವಿಯ ಮೇಲೇ ನಿಂತಿತ್ತು.

ಮೊದಲ ಸಲ ರಿಪೇರಿಯಾಗಿ ಮನೆಗೆ ಹೊರಟಾಗ ಹಲಬರ್ಗಾ ಹತ್ತಿರ ಕಾರು ಕೆಮ್ಮಿ ನಿಂತಿತು. ಎರಡನೆಯ ಸಲವೂ ಅಲ್ಲೇ. ಸುತ್ತ ಜನ ಸೇರಿ, "ಅಕ್ಕಾರ, ಇದು ಮದವಿ ಗಾಡಿ ಏನ್ರಿ?" ಎಂದು ಕೇಳಿ, ನಗುತ್ತಲೇ ತಳ್ಳಿಕೊಟ್ಟರು. ಮೂರನೆಯ ಸಲ ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಮನೆ ಸೇರಿದೆ.

ಮರುದಿನ ಕಾರನ್ನು ಮತ್ತೆ ಟ್ರ್ಯಾಕ್ಟರಿಗೆ ಕಟ್ಟಿಸಿ ಬೀದರಿಗೆ ತಂದು ಉಸ್ತಾದರ ಮುಂದೆ ನಿಂತಾಗ ಮೈಯೆಲ್ಲ ಉರಿಯುತ್ತಿತ್ತು.

"ಪೆಟ್ರೋಲ್ ಖರಾಬ್ ಅದ ಅಕ್ಕಾರ," ಎಂದರು ಅವರು.

"ಕುಣಿಲಾಕ ಬರದಾಕಿ ಅಂಗಳ ಡೊಂಕು ಅಂದಳಂತ! ಕೊಡ್ರಿ ಇಲ್ಲಿ ಆ ಪೈಪ್!"

ಎಂಜಿನ್ ಚಾಲೂ ಮಾಡಿ, ಪೈಪು ಕಸಿದುಕೊಂಡು ನಾನೇ ಕಿವಿಗಿಟ್ಟೆ. ಹಿಂದಿನ ಕಾರ್ಬುರೇಟರು ಭುಸುಗುಡುತ್ತಿತ್ತು, ಮುಂದಿನದು ಪಿಸುಗುಡುತ್ತಿತ್ತು. ಕಲಿಯದ ನನಗೇ ಗೊತ್ತಾಯಿತು.

"ಎರಡೂ ಒಂದೇ ಅವ," ಎಂದು ಉಸ್ತಾದ್ ಪೈಪು ಮರಳಿ ತೆಗೆದುಕೊಂಡರು. ಎಂಜಿನ್ನಿನ ಪಕ್ಕ ಬಾಗಿ, ಮುಂದಿನದಕ್ಕೆ ಎಡಗಿವಿ ಹಚ್ಚಿದರು. ಹಿಂದಿನದು ಬಲಗಡೆಗಿತ್ತು, ಅದಕ್ಕೆ ಬಲಗಿವಿ ಹಚ್ಚಿದರು. ಐವತ್ತು ವರ್ಷದ ರೂಢಿ, ನಿಂತ ಜಾಗದಿಂದ ಕದಲದೆ ಮಾಡುವ ಕೆಲಸ. ಬಲಗಿವಿ ಇಟ್ಟಾಗ ಅವರ ಹುಬ್ಬು ಗಂಟಾಯಿತು. ಕೈ ತಾನಾಗಿ ಹಿಂದಿನ ಸ್ಕ್ರೂ ಕಡೆಗೆ ಹೋಗಿ ಇನ್ನಷ್ಟು ತಿರುಗಿಸಿತು. ಎಂಜಿನ್ ಗಡಗಡ ನಡುಗಿತು.

ಬಲಗಿವಿ ಮಂದವಾಗಿತ್ತು. ಹಿಂದಿನ ಸದ್ದು ಅವರಿಗೆ ಸಣ್ಣದಾಗಿ ಕೇಳುತ್ತಿತ್ತು, ಅದಕ್ಕೇ ಅದನ್ನು ಹೆಚ್ಚಿಸುತ್ತಲೇ ಹೋಗಿದ್ದರು.

ನನ್ನ ಸಿಟ್ಟು ಜರ್ರನೆ ಇಳಿಯಿತು, ನಾಚಿಕೆಯೂ ಆಯಿತು. ನಾನು ಕಂಡುಕೊಂಡದ್ದು ಅವರಿಗೂ ತಿಳಿಯಿತು. ಪೈಪು ಕೆಳಗಿಟ್ಟು, ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಅಂದರು: "ಎರಡು ವರ್ಷ ಆತ್ರಿ. ಯಾರ ಮುಂದೂ ಅನ್ನಬ್ಯಾಡ್ರಿ ಅಕ್ಕಾರ. ಗೊತ್ತಾದ್ರ ಒಂದ್ ಗಾಡೀನೂ ಬರಂಗಿಲ್ಲ. ಮನ್ಯಾಗ ಕುಂತು ನಾ ಏನ್ ಮಾಡ್ಲಿ?"

ನಾನು ಬೇಕೆಂದೇ ಗದರಿದೆ: "ಎಡಗಿವಿ ಏನು ಉಪ್ಪಿನಕಾಯಿ ಹಾಕಲಾಕ ಇಟ್ಟೀರೇನು? ಜರಾ ಬಲಕ್ಕ ಸರದು ಎರಡಕ್ಕೂ ಅದನ್ನೇ ಹಚ್ಚರಿ!"

ಉಸ್ತಾದ್ ಗಹಗಹಿಸಿ ನಕ್ಕರು. "ಅರೆ ಅಲ್ಲಾ! ಇಷ್ಟು ಅಕಲ್ ನನಗ್ಯಾಕ ಬರಲಿಲ್ಲ!" ಎರಡು ಹೆಜ್ಜೆ ಬಲಕ್ಕೆ ಸರಿದು, ಸೊಂಟ ಹಿಡಿದುಕೊಂಡು ಬಾಗಿ, ಎಡಗಿವಿಯಿಂದಲೇ ಎರಡನ್ನೂ ಆಲಿಸಿದರು. ಅರ್ಧ ತಾಸಿನಲ್ಲಿ ಎಂಜಿನ್ ಬೆಣ್ಣೆಯಾಯಿತು.

ಭಾನುವಾರ ಅವರನ್ನೂ ಕೂರಿಸಿಕೊಂಡು ಔರಾದಿಗೆ ಹೊರಟೆ. ದಾರಿಯಲ್ಲಿ ಕಾರು ಒಂದೇ ಒಂದು ಸಲವೂ ಕೆಮ್ಮಲಿಲ್ಲ. ಸೋತದ್ದಕ್ಕೆ ಅಕ್ಕ ಹೋಳಿಗೆ ಮಾಡಿ, ತುಪ್ಪ ಸುರಿದು ಬಡಿಸಿದಳು.

ಊಟವಾದ ಮೇಲೆ ಉಸ್ತಾದ್ ಅಂಗಳದಲ್ಲಿ ಬಾನೆಟ್ ಎತ್ತಿ ಎಂಜಿನ್ ನೋಡುತ್ತ ನಿಂತಿದ್ದರು. ಅಕ್ಕನ ಗಂಡ, ನಮ್ಮ ಭಾವ, ಅವರ ಬಲಕ್ಕೆ ನಿಂತು ಜೀಪಿನ ಮಾತು ತೆಗೆದರು. ಒಂದು ಸಲ ಕೇಳಿದರು, ಎರಡು ಸಲ ಕೇಳಿದರು. ಉಸ್ತಾದ್ ತಿರುಗಲಿಲ್ಲ. ಭಾವ ನನ್ನ ಕಡೆ ಬಾಗಿ, "ನಮ್ಮಪ್ಪನ ಕಾಲದ ಜೀಪ್ ಇವರಿಗೇ ಕೊಡಬೇಕಂತ ಮಾಡಿದ್ದೆ. ಇವರಿಗೆ ಕೇಳಸೂದಿಲ್ಲ ಅಂತ ಮಂದಿ ಅಂತಿದ್ರು, ಖರೇನೇ ಏನು?" ಎಂದರು.

ಭಾವನ ತೋಳು ಹಿಡಿದೆ, ಕಾರಿನ ಮುಂದಿನಿಂದ ದರದರ ಎಳೆದುಕೊಂಡು ಹೋಗಿ ಉಸ್ತಾದರ ಎಡಕ್ಕೆ ನಿಲ್ಲಿಸಿದೆ.

"ಈಗ ಕೇಳ್ರಿ. ಮೆತ್ತಗೇ ಕೇಳ್ರಿ."

ಭಾವ ಪಿಸುಮಾತಿನಲ್ಲಿ, "ಉಸ್ತಾದ್, ಹಳೀ ಜೀಪ್ ಒಂದದ, ನೋಡ್ತೀರೇನ್ರಿ?" ಎಂದರು.

"ನಾಳಿ ಮುಂಜಾನೆ ತಗೊಂಡ್ ಬರ್ರಿ," ಎಂದರು ಉಸ್ತಾದ್, ಎಂಜಿನ್ನಿನಿಂದ ತಲೆ ಎತ್ತದೆ.