ಮಧ್ಯಾಹ್ನ ಎರಡು ಗಂಟೆಯ ಹಳೆ ಹಾಡು

ಈಗಲೂ ಜಯನಗರದ ಕಡೆ ಯಾವುದಾದರೂ ಟೈಲರ್ ಅಂಗಡಿಯಿಂದ ಹಳೆಯ ಕನ್ನಡ ಹಾಡು ಕೇಳಿಬಂದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಹಾಡಿನ ಮೇಲಿನ ಪ್ರೀತಿ ಅರ್ಧ, ಮಾಡಿದ ತಪ್ಪಿನ ನೆನಪು ಇನ್ನರ್ಧ. ಕೆಲವು ವರ್ಷಗಳ ಹಿಂದೆ ಅಲ್ಲೇ ಹತ್ತಿರದ ಒಂದು ಎಫ್ಎಂ ಸ್ಟೇಷನ್ನಿನಲ್ಲಿ, ಯಾವ ಹಾಡು ಎಷ್ಟು ಹೊತ್ತಿಗೆ ಬರಬೇಕು ಎಂದು ಪಟ್ಟಿ ಮಾಡುವ ಕೆಲಸ ನನ್ನದು. ಇಡೀ ಬೆಂಗಳೂರಿನ ಕಿವಿ ನನ್ನ ಕೈಯಲ್ಲಿದೆ ಎಂಬ ಜಂಬ ಆಗ.

ಬೆಳಿಗ್ಗೆ ಹೊಸ ಹಾಡು, ಸಂಜೆ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದವರಿಗೆ ಮತ್ತೆ ಅವೇ ಹಾಡು. ಮಧ್ಯಾಹ್ನ ಎರಡರಿಂದ ಮೂರರವರೆಗೆ ಮಾತ್ರ ಹಳೆಯವು. ಆ ಒಂದು ಗಂಟೆಯನ್ನು ನಡೆಸುತ್ತಿದ್ದವರು ನಮಗೆಲ್ಲ ಹಿರಿಯರು, ಇಡೀ ಸ್ಟೇಷನ್ನಿಗೆ ಅಕ್ಕ. ಮೈಕ್ ಆನ್ ಆದ ಕೂಡಲೇ "ಊಟ ಆಯ್ತಾ?" ಎನ್ನುವರು. ಉತ್ತರ ಬರಲಿ ಎಂಬಂತೆ ಒಂದು ಗಳಿಗೆ ಸುಮ್ಮನಿರುವರು. ರೇಡಿಯೋದಲ್ಲಿ ಮೌನ ಮಹಾಪಾಪ ಎಂದು ನಾವು ಎಷ್ಟು ಬಡಕೊಂಡರೂ ಅವರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಯಾವ ಹಾಡಿನ ಹಿಂದೆ ಯಾವುದು ಕೂರುತ್ತದೆ ಎಂದು ನನಗೆ ಕಲಿಸಿದವರೂ ಅವರೇ.

ನಾನು ಸಾರಕ್ಕಿಯಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಓನರ್ ಆಂಟಿ. ಅವರ ಮಾವನವರು ರಾಗಿ ಬೆಳೆದ ನೆಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿದ್ದವು. ನನ್ನ ವಾರದ ರಜೆಯ ದಿನ, ಎರಡು ಗಂಟೆಗೆ ಸರಿಯಾಗಿ, ಕೆಳಗಿನ ಅಡುಗೆಮನೆಯಿಂದ ಅಕ್ಕನ ದನಿ ಮೇಲಕ್ಕೆ ಬರುತ್ತಿತ್ತು. "ಊಟ ಆಯ್ತಾ?" ಎಂದರೆ ಆಂಟಿ ಪಾತ್ರೆ ತೊಳೆಯುತ್ತಲೇ "ಆಯ್ತಮ್ಮಾ" ಎನ್ನುತ್ತಿದ್ದರು. ನಾನು ಚಾಪೆಯ ಮೇಲೆ ಬಿದ್ದುಕೊಂಡು ನಗುತ್ತಿದ್ದೆ. ಅಂಥ ಸುಖದ ಮಧ್ಯಾಹ್ನಗಳು ನನಗೆ ಆಮೇಲೆ ಸಿಗಲೇ ಇಲ್ಲ.

ನಮ್ಮ ಹಣೆಬರಹ ಬರೆಯುತ್ತಿದ್ದುದು ಮಾತ್ರ ರೇಟಿಂಗ್. ಊರಿನ ಕೆಲವು ಮನೆಗಳನ್ನು ಗುಟ್ಟಾಗಿ ಆರಿಸಿ ಒಂದೊಂದು ಡೈರಿ ಕೊಡುತ್ತಿದ್ದರು. ಯಾವ ಹೊತ್ತಿನಲ್ಲಿ ಯಾವ ಸ್ಟೇಷನ್ ಕೇಳಿದಿರಿ ಎಂದು ಮನೆಯವರು ಅದರಲ್ಲಿ ಟಿಕ್ ಹಾಕಬೇಕು. ಒಂದು ಮನೆಯ ಡೈರಿಯೆಂದರೆ ಅಂಥ ಎಷ್ಟೋ ಮನೆಗಳ ಮಾತು ಎಂದು ಲೆಕ್ಕ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ನಾವು ಒಂದೊಂದೇ ವಾರ ದೂಡುತ್ತಿದ್ದೆವು. ಕೊನೆಗೆ ದೊಣ್ಣೆ ಬಿದ್ದದ್ದು ಅಕ್ಕನ ಗಂಟೆಯ ಮೇಲೆ. ಸತತವಾಗಿ ಕೆಲವು ವಾರ ಅದು ರೇಟಿಂಗ್ ಪಟ್ಟಿಯ ತಳದಲ್ಲಿತ್ತು. ಹಳೆ ಹಾಡು ಇರಬೇಕೋ ಬೇಡವೋ ನೀನೇ ಹೇಳು ಎಂದು ಮೇಲಿನವರು ನನಗೇ ಬಿಟ್ಟರು. ಬೇಡ ಎಂದೆ. ಅದನ್ನು ಅಕ್ಕನಿಗೆ ಹೇಳಲು ರೇಟಿಂಗಿನ ಪೇಪರ್ ಹಿಡಿದು ಸ್ಟುಡಿಯೋಗೆ ಹೋದೆ.

"ನಂಬರ್ ಬರ್ತಿಲ್ಲ ಅಕ್ಕ."

"ಪೇಪರ್ ಪಕ್ಕಕ್ಕಿಡು. ನಿನ್ ಕಿವಿ ಏನ್ ಹೇಳುತ್ತೆ, ಅದನ್ ಹೇಳು."

ನಾನು ಮತ್ತೆ ಪೇಪರನ್ನೇ ತೋರಿಸಿದೆ. "ಆಯ್ತು ಬಿಡು ಮಗಾ" ಎಂದು ಅಕ್ಕ ಹೆಡ್‌ಫೋನ್ ಹಾಕಿಕೊಂಡರು. ಸೋಮವಾರದಿಂದ ಎರಡು ಗಂಟೆಗೂ ಹೊಸ ಹಾಡೇ ಬಂತು. ತಿಂಗಳು ತುಂಬುವುದರೊಳಗೆ ಅಕ್ಕ ಕೆಲಸ ಬಿಟ್ಟು ಹೋದರು.

ಅದಾದ ಮೇಲೆ ಒಂದು ದಿನ ಆಂಟಿ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದರು. "ಏನಪ್ಪಾ, ನಿಮ್ ರೇಡಿಯೋಲಿ ಆಯಮ್ಮ ಬರ್ತಾನೇ ಇಲ್ವಲ್ಲ?"

"ರೇಟಿಂಗ್ ಅಂತ ಒಂದಿದೆ ಆಂಟಿ. ಮನೆಗಳಿಗೆ ಡೈರಿ ಕೊಟ್ಟು..."

"ಅಯ್ಯೋ, ಆ ಡೈರಿ ನಮ್ಮನೇಲೂ ಇತ್ತಲ್ಲ! ಯಾರ್ಗೂ ಹೇಳ್ಬೇಡಿ ಅಂದಿದ್ರು, ಅದಕ್ಕೇ ನಿಂಗೂ ಹೇಳ್ಲಿಲ್ಲ. ಮೊನ್ನೆ ವಾಪಸ್ ತಗೊಂಡ್ ಹೋದ್ರು."

"ಎರಡು ಗಂಟೆಗೆ ದಿನಾ ನಮ್ದಕ್ಕೇ ಟಿಕ್ ಹಾಕಿದ್ರಾ ಆಂಟಿ?"

"ಕೇಳ್ತಿದ್ದಿದ್ದು ನಿಮ್ದೇ. ಆದ್ರೆ ಅದ್ರಲ್ಲಿ ಅಷ್ಟೊಂದ್ ಸ್ಟೇಷನ್ ಹೆಸ್ರು ಹಾಕಿದ್ರಪ್ಪಾ. ಸಂಕ್ರಾಂತೀಲಿ ಎಳ್ಳು ಬೀರೋವಾಗ ಒಂದ್ಮನೆಗೆ ಕೊಟ್ಟು ಪಕ್ಕದ್ಮನೆ ಬಿಡಕ್ಕಾಗುತ್ತಾ? ಪಾಪ, ಯಾರ್ಗೂ ಬೇಜಾರಾಗ್ಬಾರ್ದು ಅಂತ ದಿನಕ್ಕೊಂದಕ್ಕೆ ಹಾಕ್ದೆ. ನಿಮ್ಗೂ ವಾರಕ್ಕೊಂದಿನ ಬಂದಿದೆ."

ಅವರ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ತೃಪ್ತಿ. ಅವರನ್ನು ಏನೆಂದು ಬಯ್ಯಲಿ? ಅವರೊಬ್ಬರ ಟಿಕ್ಕಿನಿಂದ ಕಾರ್ಯಕ್ರಮ ಉಳಿಯುತ್ತಿತ್ತು ಎಂದೂ ಹೇಳಲಾರೆ. ಆದರೆ ನಾನು? ಆ ಹಾಡು ಆ ಮನೆಯಲ್ಲಿ ಕೇಳಿಬರುತ್ತಿದ್ದುದಕ್ಕೆ ಸಾಕ್ಷಿ ನಾನೇ ಇದ್ದೆ. ನಿನ್ನ ಕಿವಿ ಏನು ಹೇಳುತ್ತೆ ಎಂದು ಅಕ್ಕ ಕೇಳಿದ್ದೂ ಅದನ್ನೇ. ನನಗೆ ನಾಚಿಕೆಯಾಯಿತು, ಇವತ್ತಿಗೂ ಆಗುತ್ತದೆ.

"ಅದಿರ್ಲಿ, ಆಯಮ್ಮಂಗೆ ಹುಷಾರಿಲ್ವಾ?" ಎಂದರು ಆಂಟಿ.

"ರಜದಲ್ಲಿದಾರೆ ಆಂಟಿ." ಬಾಯಿಗೆ ಬಂದ ಸುಳ್ಳು ಹೇಳಿದೆ.

"ಹಂಗಾದ್ರೆ ಸರಿ. ಎರಡು ಗಂಟೆಗೆ ನಿಮ್ದೇ ಹಾಕಿಟ್ಟಿರ್ತೀನಿ. ಬೇರೆ ಹಾಕ್ಬಿಟ್ರೆ ಆಯಮ್ಮ ಬಂದಿದ್ದೇ ಗೊತ್ತಾಗಲ್ಲ."

ಆ ಹೊಸ ಹಾಡುಗಳು ಅವರಿಗೆ ತಲೆನೋವು. ಆದರೂ ಎರಡರಿಂದ ಮೂರರವರೆಗೆ ಅವನ್ನು ಸಹಿಸಿಕೊಂಡು ಕಾಯುತ್ತಿದ್ದರು. ಆ ಮನೆ ಬಿಡುವವರೆಗೂ, ರಜೆಯ ದಿನ ಎರಡು ಹೊಡೆಯುವ ಮೊದಲೇ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಿದ್ದೆ.