ಅಮ್ಮ ಮೊದಲ ಪಂಕ್ತಿಗೆ ಕೂತ ದಿನ

ನನ್ನ ಅಮ್ಮ ಯಾವ ಸಮಾರಂಭದಲ್ಲೂ ಮೊದಲ ಪಂಕ್ತಿಗೆ ಕೂತವಳಲ್ಲ. ರಾಜಾನುಕುಂಟೆಯಲ್ಲಿ ನನ್ನ ನಾಮಕರಣದ ದಿನ ಕೊನೆಯ ಪಂಕ್ತಿಗೆ ಒಬ್ಬಟ್ಟು ಸಾಲದೆ ಹೋಗಿ, ಜನ ಬರೀ ಅನ್ನ ಸಾರು ಉಂಡು ಎದ್ದರಂತೆ. ಅಂದಿನಿಂದ ಎಲ್ಲರದೂ ಮುಗಿದ ಮೇಲೆ, ಪಾತ್ರೆಯ ತಳ ನೋಡಿಯೇ ಅವಳ ಊಟ.

ಅವಳಿಗೆ ಎಪ್ಪತ್ತು ತುಂಬಿದಾಗ ಸಹಕಾರನಗರದ ನಮ್ಮ ಮನೆಯ ತಾರಸಿಯಲ್ಲಿ ಊಟ ಹಾಕಿಸೋಣ ಎಂದೆ. "ಅಜ್ಜಿ ಮೊದಲ ಪಂಕ್ತಿಗೇ ಕೂರಬೇಕು. ಊಟದ ಲೆಕ್ಕ ನಂದು" ಎಂದು ಫಸ್ಟ್ ಪಿಯುಸಿ ಓದುತ್ತಿದ್ದ ಮಗಳು ಪಟ್ಟು ಹಿಡಿದಳು. ಆರು ಸಾವಿರದ ಮೇಲೆ ಒಂದು ಪೈಸೆ ಇಲ್ಲ ಎಂದೆ.

ಆಗಷ್ಟೇ ಅವಳಿಗೆ ಕಾಲೇಜಿನಲ್ಲಿ ಗಣಿತದ ಅಸಮತೆಗಳ ಪಾಠ ಆಗಿತ್ತು. "ಊಟದ ಮನೇಲಿ ಯಾವತ್ತೂ ಸಮ ಬರಲ್ಲ ಅಪ್ಪ. ಕಡಿಮೆ ಅಂದ್ರೆ ಎಷ್ಟು, ಜಾಸ್ತಿ ಅಂದ್ರೆ ಎಷ್ಟು, ಅಷ್ಟು ಗೊತ್ತಾದ್ರೆ ಸಾಕು" ಎಂದಳು. ನಾನು ಬೇಕೆಂದ ಐಸ್ ಕ್ರೀಮಿಗೂ ಗೋಬಿ ಮಂಚೂರಿಗೂ ಅಡ್ಡಗೆರೆ ಬಿತ್ತು. ಒಂದು ಎಲೆಗೆ ಬಿಸಿಬೇಳೆಬಾತ್, ಮೊಸರನ್ನ ಸೇರಿ ನಲವತ್ತು ರೂಪಾಯಿ. ತಲಾ ಎರಡು ಒಬ್ಬಟ್ಟಿಗೆ ಇನ್ನೊಂದು ನಲವತ್ತು. ಎಲೆಗಳ ಸಂಖ್ಯೆ x ಆದರೆ, 80x ≤ 6000. ಅಂದರೆ ಹೆಚ್ಚೆಂದರೆ ಎಪ್ಪತ್ತೈದು ಎಲೆ. ಪಟ್ಟಿಯಲ್ಲಿದ್ದವರು ಅರವತ್ತೇ ಜನ. ಅಷ್ಟಕ್ಕೇ ಹೇಳು, ದುಡ್ಡು ಉಳಿಯುತ್ತೆ ಎಂದೆ. ಅವಳು ನನ್ನನ್ನು ಒಂಥರಾ ನೋಡಿ, ಅಡುಗೆಯವರಿಗೆ ಎಪ್ಪತ್ತೈದಕ್ಕೇ ಹೇಳಿದಳು.

ಆ ದಿನ ಅಮ್ಮ ಸುಲಭಕ್ಕೆ ಬಗ್ಗಲಿಲ್ಲ. "ನಾನಿಂಗೆ ಕೂತ್ರೆ ಒಳಗೆ ಯಾರವ್ವಾ ನೋಡೋರು?"

ಮಗಳು ನೋಟ್‌ಬುಕ್ಕಿನಲ್ಲಿ ಆ ≤ ಗುರುತು ತೋರಿಸಿದಳು. "ನೋಡಜ್ಜಿ, ಇದರ ಬಾಯಿ ಯಾವ ಕಡೆ ಅಗಲ ಇರತ್ತೋ ಆ ಕಡೆ ಜಾಸ್ತಿ. ಸಾಲದೆ ಬರಲ್ಲ." ಏನರ್ಥವಾಯಿತೋ, ಅಮ್ಮ ಎಲೆ ಮುಂದೆ ಕೂತಳು.

ಒಬ್ಬಟ್ಟು ಬಡಿಸುವ ಹೊತ್ತಿಗೆ ಮೆಟ್ಟಿಲ ಕಡೆ ಸದ್ದಾಯಿತು. ಪಾರ್ಕಿನಲ್ಲಿ ನನ್ನ ಜೊತೆ ವಾಕಿಂಗ್ ಮಾಡುವವರು, ಹನ್ನೆರಡು ಜನ! ಕರೆದದ್ದು ನಾನೇ. ಎದುರಿಗೆ ಸಿಕ್ಕವರಿಗೆ "ನೀವೂ ಬರ್ಬೇಕು ಸಾರ್" ಅನ್ನದೆ ಇರುವುದುಂಟೆ? ಮನೆಯಲ್ಲಿ ಹೇಳುವುದನ್ನು ಮಾತ್ರ ಮರೆತಿದ್ದೆ. ಅಮ್ಮನ ಕೈ ಎಲೆಯ ಮೇಲೇ ನಿಂತಿತು. ಅವಳು ಏಳಲು ಹೊರಟಳು.

ಮಗಳು ಅವಳ ಭುಜ ಹಿಡಿದು ಕೂರಿಸಿ, ಪುಟ ತಿರುವಿ ಗಟ್ಟಿಯಾಗಿ ಓದಿದಳು. "ಪಟ್ಟಿಯವರು ಅರವತ್ತು. ಅಪ್ಪ ಹೇಳದೆ ಕೇಳದೆ ಕರೆಯೋರು, ಹದಿನೈದು ಅಥವಾ ಅದಕ್ಕಿಂತ ಕಡಿಮೆ."

ಇಡೀ ಪಂಕ್ತಿ ನಕ್ಕಿತು. ನನ್ನ ಮಾನ ಹೋಯಿತು, ನಿಜ. ಆದರೆ ಮಗಳ ಮೇಲೆ ಅಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ. ನನ್ನ ಬಾಯಿಚಪಲವನ್ನೂ ಲೆಕ್ಕಕ್ಕೆ ಹಿಡಿದಿದ್ದಳು, ಅದೂ ಆರು ಸಾವಿರದ ಒಳಗೇ.

ಮೆಟ್ಟಿಲ ಕಡೆ ನೋಡುತ್ತ ಅಮ್ಮ ತಲೆಗಳನ್ನು ಎಣಿಸಿದಳು. ಬೆರಳು ಮಡಚಿ ಏನೋ ಕೂಡಿ ಕಳೆದಳು.

"ಅಂಗಾರೆ ಇನ್ನೂ ಮೂರು ಜನದ್ದು ಮಿಗ್ತದೆ" ಎಂದು ಎಲೆ ಮುಂದಕ್ಕೆ ಸರಿಸಿದಳು. "ನಂಗಿನ್ನೊಂದು ಒಬ್ಬಟ್ಟು ಆಕವ್ವ."