ಆಷಾಢ ಮುಗಿದ ಮೇಲೆ ಬಂದ ಇಂಟರ್ನೆಟ್ಟು

ಚಾಮರಾಜಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯೇ ಅಕ್ಕನ ಆಫೀಸು. ಭಾವ ತೀರಿಕೊಂಡ ಮೇಲೆ ಅವಳೇ ಕಟ್ಟಿಕೊಂಡ ಕೆಲಸ ಅದು. ಹತ್ತಾರು ಊರುಗಳಲ್ಲಿ ಶಾಖೆಗಳಿದ್ದ ಒಂದು ಕಣ್ಣಿನ ಆಸ್ಪತ್ರೆಗೆ ಬರುವ ಫೋನುಗಳನ್ನೆಲ್ಲ ಇಲ್ಲಿ ಕೂತು ತೆಗೆದುಕೊಂಡು, ರೋಗಿಗಳಿಗೆ ಡಾಕ್ಟರ ಸಮಯ ಗೊತ್ತುಮಾಡಿಕೊಡುವುದು. ಕೆಲಸಕ್ಕೆ ನಾನು, ಜೊತೆಗೆ ಗವಿಪುರಂನಿಂದ ಬರುವ ಇಬ್ಬರು ಹುಡುಗಿಯರು. ಇದ್ದದ್ದು ಅದೊಂದೇ ಆಸ್ಪತ್ರೆ. ಅವರು ಕೈಬಿಟ್ಟರೆ ಅಕ್ಕನಿಗೆ ಬೇರೆ ದಾರಿಯಿರಲಿಲ್ಲ.

ಫೋನುಗಳೆಲ್ಲ ಬರುವುದು ಇಂಟರ್ನೆಟ್ಟಿನ ಮೇಲೆ. ನಮ್ಮ ರಸ್ತೆಯನ್ನೋ, ಶಿವನೇ, ವರ್ಷವಿಡೀ ಅಗೆಯುತ್ತಲೇ ಇರುತ್ತಾರೆ! ಇವತ್ತು ನೀರಿಗೆ, ನಾಳೆ ಚರಂಡಿಗೆ. ಯಾರು ಬಂದರೂ ಮೊದಲು ಕಿತ್ತುಬರುವುದು ನಮ್ಮ ಕೇಬಲ್ಲು. ಇನ್ನೊಂದು ಸಲ ದಿನಗಟ್ಟಲೆ ಲೈನು ಹೋದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಅದಕ್ಕೇ ಅಕ್ಕ ಉಪಗ್ರಹದ ಇಂಟರ್ನೆಟ್ಟು ತರಿಸಿದಳು. ಭೂಮಿಗೆ ಹತ್ತಿರದಲ್ಲೇ ಸುತ್ತುವ ಉಪಗ್ರಹಗಳಂತೆ, ಮಾತು ತಡವಾಗುವುದಿಲ್ಲವಂತೆ, ತಾರಸಿಯ ಮೇಲೊಂದು ತಟ್ಟೆ ಕೂರಿಸಿದರೆ ಸಾಕಂತೆ. ರಸ್ತೆ ಅಗೆದುಕೊಂಡು ಸಾಯಲಿ ಎಂದು ನಾನು ಹಿಗ್ಗಿದೆ.

ಜೋಡಿಸುವವನು ತಟ್ಟೆ ತಂದ ದಿನ ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಆಷಾಢ ಕಣೇ. ಹೊಸದೇನೂ ಶುರುಮಾಡೋ ಹಾಗಿಲ್ಲ.”

“ಇದೇನು ಮದುವೇನಾಮ್ಮ? ಮೇಲೆ ಓಡಾಡೋ ಉಪಗ್ರಹಕ್ಕೆ ಯಾವ ಆಷಾಢ?” ಎಂದು ನಾನು ರೇಗಿದೆ.

“ನೀನು ಸುಮ್ನಿರು. ಇವಳ ಗಂಡ ಆಷಾಢದಲ್ಲೇ ಅಂಗಡಿ ಪೂಜೆ ಮಾಡಿಸ್ದ. ದೀಪಾವಳಿ ನೋಡಿದ್ನಾ ಅವನು?”

ಅಕ್ಕ ಬಂದವನಿಗೆ ಕಾಫಿ ಕೊಟ್ಟು, “ಶ್ರಾವಣ ಬರ್ಲಿ, ನಾನೇ ಫೋನ್ ಮಾಡ್ತೀನಿ” ಎಂದು ಕಳಿಸಿದಳು. ತಟ್ಟೆಯ ಪೆಟ್ಟಿಗೆ ದೇವರ ಕೋಣೆಯ ಪಕ್ಕ ಹಾಗೇ ಉಳಿಯಿತು. ಅದನ್ನು ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಷಾಢ ಮುಗಿಯುವ ಹೊತ್ತಿಗೆ ಅಗೆಯುವವರು ಮತ್ತೆ ಬಂದರು. ಕೇಬಲ್ಲು ಹೋಯಿತು. ಜೋಡಿಸುವವನಿಗೆ ಕರೆ ಮಾಡಿದರೆ ಅವನು ಬೇರೆ ಊರಿನಲ್ಲಿದ್ದ. ಮೊಬೈಲಿನ ಇಂಟರ್ನೆಟ್ಟು ನಮ್ಮ ದಪ್ಪ ಗೋಡೆಗಳೊಳಗೆ ನಿಲ್ಲುವುದಿಲ್ಲವೆಂದು ಜಗಲಿಯಲ್ಲಿ ಕೂತು ಮಾತಾಡಿ ನೋಡಿದೆವು. ಅರ್ಧ ಮಾತು ಕೇಳಿಸುತ್ತಿತ್ತು, ಅರ್ಧ ನುಂಗಿಹೋಗುತ್ತಿತ್ತು. ಕಡೆಗೆ ಆಸ್ಪತ್ರೆಯವರು ಅಕ್ಕನನ್ನು ಕರೆದು, ಬಹಳ ಮರ್ಯಾದೆಯಿಂದಲೇ, ಇನ್ನು ಬೇಡ ಎಂದರು.

ಅಕ್ಕ ಅಳಲಿಲ್ಲ. ಹುಡುಗಿಯರನ್ನು ಕಳಿಸಿಕೊಟ್ಟು ನನ್ನ ಕೈ ಹಿಡಿದುಕೊಂಡಳು.

“ಅಮ್ಮಂಗೆ ಹೇಳ್ಬೇಡ ಕಣೆ. ತನ್ನಿಂದ್ಲೇ ಆಯ್ತು ಅಂತ ಕೊರಗಿ ಸಾಯ್ತಾಳೆ.”

ಅಮ್ಮನಿಂದಲೇ ಆದದ್ದು ಎಂದು ಕಿರುಚಬೇಕೆನಿಸಿತು. ಅಕ್ಕನ ಮುಖ ನೋಡಿ ಆಗಲಿ ಎಂದು ತಲೆಯಾಡಿಸಿದೆ.

ಶ್ರಾವಣದ ಮೊದಲ ಶುಕ್ರವಾರ ತಟ್ಟೆ ತಾರಸಿಗೇರಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ಅಮ್ಮ ಅದಕ್ಕೆ ಅರಿಶಿನ ಕುಂಕುಮವಿಟ್ಟು ಕಾಯಿ ಒಡೆದಳು. ಹಾಳಾದ್ದು, ಒಂದು ಕ್ಷಣವೂ ಕೈಕೊಡದೆ ಕೆಲಸ ಮಾಡಿತು.

“ನೋಡಿದ್ಯಾ? ಒಳ್ಳೇ ದಿನ ನೋಡಿ ಮಾಡಿದ್ದಕ್ಕೆ ಎಷ್ಟು ಚೆನ್ನಾಗಿದೆ” ಎಂದು ಅಮ್ಮ ಆಫೀಸಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಳು. ಸ್ವಲ್ಪ ಹೊತ್ತಾದ ಮೇಲೆ, “ಹುಡುಗೀರು ಎಲ್ಲಿ?” ಎಂದಳು.

“ಶ್ರಾವಣ ಶುಕ್ರವಾರ ಅಂತ ರಜ ಕೊಟ್ಟೆ.”

“ಫೋನೂ ಬರ್ತಿಲ್ವಲ್ಲೇ?”

ಅಕ್ಕ ನನ್ನ ಕಡೆ ನೋಡಿದಳು. ನಾನು ಹಿತ್ತಲಿಗೆ ಹೋಗಿ ನನ್ನ ಮೊಬೈಲಿನಿಂದ ಆಫೀಸಿನ ನಂಬರಿಗೆ ಕರೆ ಮಾಡಿದೆ.

“ನಮಸ್ಕಾರ, ಕಣ್ಣಿನ ಆಸ್ಪತ್ರೆ. ಹೇಳಿ, ಏನಾಗ್ಬೇಕಿತ್ತು?”

ಅವಳ ದನಿ ಒಂದಿಷ್ಟೂ ನಡುಗಲಿಲ್ಲ. ನನಗೆ ಬಿಕ್ಕಿ ಬಿಕ್ಕಿ ಅಳು ಬಂತು. ಅದು ಅವಳಿಗೆ ಕೇಳಿಸಿತು.

“ಅಳ್ಬೇಡಿ, ಅಳ್ಬಾರ್ದು, ಕಣ್ಣಿಗೆ ಒಳ್ಳೇದಲ್ಲ” ಎಂದಳು ಅಕ್ಕ. “ಸೋಮವಾರ ಹತ್ತು ಗಂಟೆಗೆ ಬನ್ನಿ. ಡಾಕ್ಟ್ರು ಇರ್ತಾರೆ.”